ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕೇ? ಪಿಯುಸಿ ಮಕ್ಕಳಿಗೆ ಎಷ್ಟು ಬಿಡಬೇಕು

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಬಂದ ಮಕ್ಕಳಿಗೆ ಓಡಾಟ, ಫೋನು, ಗೆಳೆತನದ ವಿಷಯದಲ್ಲಿ ತೀರ್ಮಾನ ಅವರಿಗೇ ಬಿಡಬೇಕೇ? ಅರಸೀಕೆರೆಯ ಇಬ್ಬರು ಇಲ್ಲಿ ಉತ್ತರ ಬರೆದಿದ್ದಾರೆ. ಒಬ್ಬರು ಪಿಯು ಕಾಲೇಜಿನ ಉಪನ್ಯಾಸಕಿ, ಇನ್ನೊಬ್ಬರು ಗ್ಯಾರೇಜ್ ನಡೆಸುವವರು. ಇಬ್ಬರ ಮನೆಯಲ್ಲೂ ಹದಿನಾರರ ಮಕ್ಕಳಿದ್ದಾರೆ.

ಪರ: ನಮ್ಮ ಕಣ್ಣೆದುರಿಗೆ ಇರುವಾಗಲೇ ಬಿಡಬೇಕು

ಪ್ರತಿ ವರ್ಷ ಅಡ್ಮಿಷನ್ ಶುರುವಾದಾಗ ಟೇಬಲ್ಲಿನ ಹಿಂದೆ ಕೂರುತ್ತೇನೆ. ಎದುರಿಗೆ ಒಬ್ಬ ಹುಡುಗ ಅಥವಾ ಹುಡುಗಿ, ಪಕ್ಕದಲ್ಲಿ ಅಪ್ಪ. "ಯಾವ ಕಾಂಬಿನೇಷನ್ ಬೇಕು ಪುಟ್ಟ?" ಅಂತ ಮಗುವನ್ನೇ ಕೇಳುತ್ತೇನೆ. ಮಗು ಅಪ್ಪನ ಮುಖ ನೋಡುತ್ತದೆ. "ಪಿಸಿಎಂಬಿ ಬರ್ಕೊಳಿ ಮೇಡಂ" ಅನ್ನುತ್ತಾರೆ ಅಪ್ಪ. "ನಿನಗೆ ಇಷ್ಟ ಇದೆಯಾ?" ಅಂತ ಮತ್ತೆ ಕೇಳಿದರೆ ಮಗು ಮತ್ತೆ ಅಪ್ಪನ ಕಡೆಗೇ ತಿರುಗುತ್ತದೆ. ತನಗೆ ಇಷ್ಟ ಇದೆಯೋ ಇಲ್ಲವೋ ಅನ್ನುವುದನ್ನೂ ಅಪ್ಪನನ್ನು ಕೇಳಿಯೇ ಹೇಳಬೇಕು. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಎರಡೇ ವರ್ಷ. ಆಮೇಲೆ ಇದೇ ಮಗುವನ್ನು ಬೆಂಗಳೂರಿಗೋ ಮೈಸೂರಿಗೋ ಕಳಿಸುತ್ತೇವೆ. ಪಿಜಿ ಹುಡುಕಬೇಕು, ತಿಂಗಳ ದುಡ್ಡು ತಿಂಗಳ ಕೊನೆಯವರೆಗೆ ಎಳೆಯಬೇಕು, ರಾತ್ರಿ ಹತ್ತಕ್ಕೆ ಬಂದು ಕರೆಯುವ ಗೆಳೆಯರಿಗೆ ಬರ್ತೀನಿ ಅನ್ನಬೇಕೋ ಬರಲ್ಲ ಅನ್ನಬೇಕೋ ಅಂತ ಅಲ್ಲೇ ನಿಂತು ತೀರ್ಮಾನ ಮಾಡಬೇಕು. ಅಲ್ಲಿಯವರೆಗೆ ಒಂದು ಸಣ್ಣ ತೀರ್ಮಾನವನ್ನೂ ಮಾಡದ ಮಗು ಅವತ್ತು ಏನು ಮಾಡೀತು? 18 ತುಂಬಿದ ದಿನ ಬೆಳಗ್ಗೆ ಬುದ್ಧಿ ತಾನಾಗಿ ಬಂದು ಕೂರುವುದಿಲ್ಲ.

ರೆಸಿಡೆನ್ಷಿಯಲ್ ಕಾಲೇಜುಗಳಲ್ಲಿ ಓದಿದ ಕೆಲವು ಮಕ್ಕಳನ್ನು ನಾನು ಹತ್ತಿರದಿಂದ ಬಲ್ಲೆ. ಬೆಳಗ್ಗೆ ಐದಕ್ಕೆ ಬೆಲ್, ರಾತ್ರಿ ಹತ್ತೂವರೆಯವರೆಗೆ ಸ್ಟಡಿ ಅವರ್. ಫೋನು ಇಲ್ಲ, ಗೇಟಿನ ಆಚೆ ಕಾಲಿಡುವಂತಿಲ್ಲ. ಮಾರ್ಕ್ಸ್ ಚೆನ್ನಾಗಿಯೇ ಬರುತ್ತದೆ. ಅಲ್ಲಿಂದ ಬಂದ ಒಬ್ಬ ಹುಡುಗ, ಬುದ್ಧಿವಂತನೇ, ಇಂಜಿನಿಯರಿಂಗ್ ಸೇರಿದ ಮೊದಲ ವಾರ ಬ್ಯಾಂಕಿನಲ್ಲಿ ನಿಂತು ನನಗೆ ಫೋನ್ ಮಾಡಿದ್ದ. "ಮಿಸ್, ಚಲನ್‌ನಲ್ಲಿ ಎಲ್ಲೆಲ್ಲಿ ಏನು ಬರೀಬೇಕು?" ಚಲನ್ ತುಂಬೋದು ಹತ್ತು ನಿಮಿಷದ ಕಲಿಕೆ, ಬಿಡಿ. ಆದರೆ ಎದುರಿಗೇ ಕೂತಿದ್ದ ಗುಮಾಸ್ತರನ್ನು ಕೇಳೋಕೆ ಅವನಿಗೆ ಭಯ ಆಗಿತ್ತು. ಆ ಭಯವನ್ನು ಎರಡು ವರ್ಷ ನಾವೇ ಸಾಕಿದ್ದೆವು.

ಕಾನೂನು ಮಕ್ಕಳನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತದೆ. ಹತ್ತು ದಾಟಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ತೆರೆದು ನಡೆಸಬಹುದು ಎಂದು 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು. ಎಷ್ಟು ದುಡ್ಡಿನವರೆಗೆ ಎನ್ನುವುದನ್ನು ಬ್ಯಾಂಕು ನಿಗದಿ ಮಾಡುತ್ತದೆ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ, 16 ತುಂಬಿದವರು ಘೋರ ಅಪರಾಧ ಮಾಡಿದರೆ ಅವರನ್ನು ದೊಡ್ಡವರಂತೆಯೇ ವಿಚಾರಣೆ ಮಾಡಬೇಕೇ ಎಂದು ಮಂಡಳಿ ಯೋಚಿಸಬಹುದು. ಹೊಣೆ ಹೊರಿಸುವಾಗ ಮಕ್ಕಳು ದೊಡ್ಡವರು, ಬಿಟ್ಟುಕೊಡುವಾಗ ಮಾತ್ರ ಚಿಕ್ಕವರು ಅಂದರೆ ಹೇಗೆ?

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಕಡೆ ಕಟ್ಟುಪಾಡು ಅಂದರೆ ಜಾಸ್ತಿ ಬೀಳೋದು ಹೆಣ್ಣುಮಕ್ಕಳ ಮೇಲೆ. ದೀಪ ಹಚ್ಚೋ ಹೊತ್ತಿಗೆ ಹುಡುಗಿ ಮನೆಯಲ್ಲಿರಬೇಕು. ಅವಳ ತಮ್ಮ ಎಂಟು ಗಂಟೆಗೆ ಬಂದರೆ ಊಟಕ್ಕೆ ಬಡಿಸುತ್ತಾರೆ, ಅಷ್ಟೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಬಸ್ ಚಾರ್ಜು ಎಲ್ಲಿಂದ ತರೋದು ಅನ್ನುವ ಕಾರಣ ಅವತ್ತಿಗೆ ಮುಗಿಯಿತು. ನನ್ನ ಕ್ಲಾಸಿನ ಹುಡುಗಿಯರು ಆಧಾರ್ ಕಾರ್ಡ್ ತೋರಿಸಿ, ಶೂನ್ಯ ಟಿಕೆಟ್ ಹರಿಸಿಕೊಂಡು ಕಾಲೇಜಿಗೆ ಬರುತ್ತಾರೆ. ಸರ್ಕಾರ ಬಸ್ಸಿನ ಬಾಗಿಲು ತೆಗೆದಿದೆ. ಎಷ್ಟೋ ಮನೆಗಳ ಬಾಗಿಲು ಇನ್ನೂ ತೆಗೆದಿಲ್ಲ.

ಬಿಗಿ ಹಿಡಿದಷ್ಟೂ ಮಕ್ಕಳು ಸುಳ್ಳಿನಲ್ಲಿ ಪಳಗುತ್ತಾರೆ. ಫೋನೇ ಕೊಡದ ಮನೆಯ ಹುಡುಗನ ಇನ್‌ಸ್ಟಾಗ್ರಾಂ ಖಾತೆ ಗೆಳೆಯನ ಫೋನಿನಲ್ಲಿ ಇರುತ್ತದೆ. ಅಲ್ಲಿ ಯಾರಾದರೂ ಬೆದರಿಸಿದರೆ ಅವನು ಅಪ್ಪನಿಗೆ ಹೇಳುವ ಹಾಗಿಲ್ಲ. ಹೇಳಿದರೆ ಖಾತೆ ಇದ್ದದ್ದೇ ಮೊದಲ ಅಪರಾಧ ಆಗುತ್ತದಲ್ವಾ?

ಹಳ್ಳಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಬೆಂಡು ಕಟ್ಟಿ ಬಾವಿಗೆ ಬಿಡುತ್ತಾರೆ. ಅಪ್ಪ ಮೆಟ್ಟಿಲ ಮೇಲೆ ನಿಂತಿರುತ್ತಾನೆ. ಮಗು ನೀರು ಕುಡಿಯುತ್ತದೆ, ಕೆಮ್ಮುತ್ತದೆ, ಅಳುತ್ತದೆ. ಅಪ್ಪ ನೋಡುತ್ತಲೇ ಇರುತ್ತಾನೆ, ಸುಮ್ಮಸುಮ್ಮನೆ ಕೈ ಹಾಕುವುದಿಲ್ಲ. ಪಿಯುಸಿಯ ಎರಡು ವರ್ಷ ನಾವು ಆ ಮೆಟ್ಟಿಲ ಮೇಲೆ ನಿಲ್ಲಬೇಕಾದ ಕಾಲ.

ನನ್ನ ಮಗಳು ಶನಿವಾರ ಟ್ಯೂಷನ್‌ಗೆ ಒಬ್ಬಳೇ ಹಾಸನಕ್ಕೆ ಹೋಗುತ್ತಾಳೆ. ಒಂದು ದಿನ ವಾಪಸ್ ಬರುವಾಗ ದುದ್ದದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಅವಳೇ ಫೋನ್ ಮಾಡಿದಳು. "ಅಲ್ಲೇ ಇರು, ನಾನು ಬಂದೆ" ಅಂತ ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ ಹೇಳಿದಳು: "ಅಮ್ಮ, ನಾವು ಎಂಟು ಹತ್ತು ಜನ ಇದೀವಿ. ಇನ್ನೊಂದು ಬಸ್ಸಿಗೆ ಹತ್ತಿಸ್ತೀನಿ ಅಂತ ಕಂಡಕ್ಟರ್ ಹೇಳಿದಾರೆ. ನೀನು ಬರಬೇಡ, ಕತ್ತಲಲ್ಲಿ ನಿಂಗ್ಯಾಕೆ." ಆಮೇಲಿನ ಒಂದು ಗಂಟೆ ನಾನು ಬಾಗಿಲಿಗೂ ಅಡುಗೆಮನೆಗೂ ಓಡಾಡಿದ್ದೇ ಓಡಾಡಿದ್ದು. ಅವಳು ಬಂದಾಗ ಏಳೂಕಾಲು. ದೀಪ ಹಚ್ಚಿ ಆಗಲೇ ತುಂಬಾ ಹೊತ್ತಾಗಿತ್ತು. ಚಪ್ಪಲಿ ಬಿಡುತ್ತಲೇ ಅಂದಳು: "ಮುಂದಿನ ವಾರದಿಂದ ನಾಲ್ಕರ ಬಸ್ಸಿಗೇ ಹತ್ತುತ್ತೀನಿ. ನಾಲ್ಕೂಮುಕ್ಕಾಲರದ್ದು ಕೆಟ್ಟರೆ ಹಿಂದೆ ಇನ್ನೊಂದು ಬರೋಕೆ ತುಂಬಾ ಹೊತ್ತಾಗುತ್ತೆ." ನಾನು ಹೇಳಬೇಕು ಅಂತಿದ್ದ ನಿಯಮವನ್ನು ಅವಳೇ ತನಗೆ ಹಾಕಿಕೊಂಡಳು.

ವಿರೋಧ: ಕೆಲವು ತಪ್ಪುಗಳು ಪಾಠ ಕಲಿಸೋಕೆ ಕಾಯುವುದಿಲ್ಲ

ಮೇಡಂ ಬೆಂಡಿನ ಮಾತು ಹೇಳಿದ್ದಾರೆ. ನಾನೂ ಹಾಗೇ ಈಜು ಕಲಿತವನು. ಆದರೆ ಬೆಂಡು ಕಟ್ಟುವುದಕ್ಕೆ ಮುಂಚೆ ನಮ್ಮಪ್ಪ ಬಾವಿ ಯಾವುದು ಅಂತ ಆರಿಸುತ್ತಿದ್ದರು. ತೋಟದ ಬಾವಿಗೆ ಬಿಡುತ್ತಿದ್ದರು. ತುಂಬಿ ಹರಿಯುವ ಕೆರೆ ಕೋಡಿಗೆ ಯಾವತ್ತೂ ಬಿಡಲಿಲ್ಲ. ನಾನು ಎಷ್ಟು ಅತ್ತರೂ ಬಿಡಲಿಲ್ಲ.

ನನ್ನದು ಟೂ ವೀಲರ್ ಗ್ಯಾರೇಜು. ಗಾಡಿ ನೋಡಿದರೆ ಯಾರು ಓಡಿಸುತ್ತಾರೆ ಅಂತ ಹೇಳಬಲ್ಲೆ. ಮನೆ ಯಜಮಾನ ಬಂದರೆ ಬ್ರೇಕ್ ನೋಡಿ, ಮೈಲೇಜ್ ನೋಡಿ ಅನ್ನುತ್ತಾರೆ. ಹುಡುಗರು ಬಂದರೆ ಮೊದಲ ಮಾತೇ "ಅಣ್ಣ, ಮಿರರ್ ಬಿಚ್ಚಿಬಿಡಿ". ಎರಡನೆಯದು ಸೌಂಡ್ ಬರೋ ಸೈಲೆನ್ಸರ್. ಹಿಂದೆ ಏನು ಬರುತ್ತಿದೆ ಅಂತ ತೋರಿಸುವ ಕನ್ನಡಿ ಅವರಿಗೆ ಬೇಡ. ಕೆಟ್ಟ ಹುಡುಗರೇನಲ್ಲ. ಆ ವಯಸ್ಸು ಹಾಗೆ. ನಾನೂ ಹಾಗೇ ಇದ್ದೆ.

ಹೋದ ವರ್ಷ ಶ್ರಾವಣದಲ್ಲಿ ಒಂದು ಸ್ಕೂಟರ್ ಲಗೇಜ್ ಆಟೋದಲ್ಲಿ ಬಂತು. ಮುಂದಿನ ಫೋರ್ಕ್ ಬೆಂಡಾಗಿತ್ತು, ಹೆಡ್‌ಲೈಟ್ ಪುಡಿ. ಸೀಟಿನ ಕೆಳಗಿನ ಡಿಕ್ಕಿ ತೆಗೆದೆ. ಒಳಗೆ ಫಿಸಿಕ್ಸ್ ರೆಕಾರ್ಡ್ ಪುಸ್ತಕ ಇತ್ತು, ನೀಟಾಗಿ ಬ್ರೌನ್ ಪೇಪರ್ ಹಾಕಿ, ಲೇಬಲ್ ಅಂಟಿಸಿದ್ದು. ತೆಗೆದು ಅಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ಎದೆಗೆ ಹಿಡಿದುಕೊಂಡು ಅಲ್ಲೇ ನಿಂತರು. "ಹಾಲು ತರೋಕೆ ಅಂತ ಕೀ ಕೇಳಿದ. ಐದು ನಿಮಿಷ ಅಂದ." ಇದನ್ನೇ ಮೂರು ಸಲ ಹೇಳಿದರು. ಗಾಡಿ ಮೇಲೆ ಮೂವರಿದ್ದರಂತೆ. ಓಡಿಸುತ್ತಿದ್ದ ಹುಡುಗನ ಕಾಲಿಗೆ ರಾಡ್ ಹಾಕಿದರು. ಆ ವರ್ಷ ಪರೀಕ್ಷೆ ಹೋಯಿತು. ಜೀವ ಉಳಿಯಿತು, ಅದು ದೊಡ್ಡದು. ಫೋರ್ಕ್ ನಾನು ಹೊಸದು ಹಾಕಿದೆ, ಒಂದು ದಿನದ ಕೆಲಸ. ಕಾಲಿಗೆ ಹಾಗೆ ಆಗುತ್ತದೆಯೇ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಹಿರಿಯರು ಹೇಳಿದ್ದು ಇದಕ್ಕೇ.

ಕಾನೂನಿನ ಮಾತು ಬಂತಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ 16ಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಒಳಗಿನ ಗಾಡಿಗೆ ಮಾತ್ರ. ನನ್ನ ಗ್ಯಾರೇಜಿಗೆ ಬರುವ ಸ್ಕೂಟರುಗಳು 110, 125 ಸಿಸಿಯವು. 2019ರ ತಿದ್ದುಪಡಿಯಲ್ಲಿ 199ಎ ಅಂತ ಒಂದು ಕಲಂ ಸೇರಿಸಿದರು. ಅಪ್ರಾಪ್ತ ಮಗು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರು. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ತನಗೆ ಗೊತ್ತೇ ಇರಲಿಲ್ಲ ಅಂತ ಅಪ್ಪ ಸಾಬೀತು ಮಾಡಿದರೆ ಬಚಾವ್. ಕೀ ಕೊಟ್ಟ ಅಪ್ಪ ಏನು ಅಂತ ಸಾಬೀತು ಮಾಡುತ್ತಾನೆ?

ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದ್ದರು, 2005ರಲ್ಲಿ ಪ್ರಕಟವಾಯಿತು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಗೆಳೆಯರು ಪಕ್ಕದಲ್ಲಿ ಇದ್ದಾಗ ಹದಿಹರೆಯದವರು ತುಂಬಾ ಜಾಸ್ತಿ ಅಪಾಯಕ್ಕೆ ಕೈ ಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದಾಗ ನನಗೆ ಆ ಸ್ಕೂಟರ್ ಮೇಲಿದ್ದ ಮೂವರು ನೆನಪಾದರು. ಒಬ್ಬನೇ ಹೋಗಿದ್ದರೆ ಹಾಲು ತಂದು ಮನೆಗೆ ಬರುತ್ತಿದ್ದನೇನೋ. ಮಗನ ಮೇಲೆ ನಂಬಿಕೆ ಇದೆ ಅಂತ ಅಪ್ಪಂದಿರು ಹೇಳುತ್ತಾರೆ. ನನಗೂ ನನ್ನ ಮಗನ ಮೇಲೆ ನಂಬಿಕೆ ಇದೆ. ಅವನ ಹಿಂದೆ ಇಬ್ಬರು ಕೂತು "ಬಿಡೋ ಮಗಾ, ಓವರ್‌ಟೇಕ್ ಹೊಡಿ" ಅನ್ನುವಾಗ ಆ ನಂಬಿಕೆಯ ಮೇಲೆ ಎಷ್ಟು ಭಾರ ಹೇರಬಹುದು ಅನ್ನುವುದು ನನ್ನ ಪ್ರಶ್ನೆ.

ಫೋನಿನ ಕಥೆಯೂ ಇಷ್ಟೇ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿತು. ಅದು ದೊಡ್ಡವರಿಗೂ ಸೇರಿ. ಮನೆ, ಮಕ್ಕಳು, ಇಎಂಐ ಎಲ್ಲ ಇರುವ ನಲವತ್ತರವರಿಗೇ ಕೈ ತಡೆಯಲಿಲ್ಲ, ಸರ್ಕಾರ ಬೇಲಿ ಹಾಕಬೇಕಾಯಿತು. 16ರ ಹುಡುಗನಿಗೆ ರಾತ್ರಿ ಫೋನು ಕೊಟ್ಟು, ನೀನೇ ತಡೆದುಕೋ ಅನ್ನುವುದು ನ್ಯಾಯವೇ? ನಮ್ಮ ಮನೆಯಲ್ಲಿ ರಾತ್ರಿ ಹತ್ತಾದರೆ ಎಲ್ಲರ ಫೋನೂ ದೇವರ ಗೂಡಿನ ಪಕ್ಕದ ಶೆಲ್ಫಿಗೆ. ನನ್ನದೂ ಅಲ್ಲಿಗೇ. ಮಗನಿಗೆ ಮಾತ್ರ ಹೇಳಿದ್ದರೆ ಅದು ನಡೆಯುತ್ತಿರಲಿಲ್ಲ.

ಮೇಡಂ ಹೇಳಿದ ಬಸ್ಸಿನ ವಿಷಯ ನಾನು ಒಪ್ಪುತ್ತೇನೆ. ಕಾಂಬಿನೇಷನ್ ವಿಷಯವೂ ಒಪ್ಪುತ್ತೇನೆ, ಮಗ ಕಾಮರ್ಸ್ ಬೇಕು ಅಂದ, ಸರಿ ಅಂದೆ. ಬಟ್ಟೆ, ಕ್ರಾಪು, ಗೆಳೆಯರು ಯಾರು, ಇದಕ್ಕೆಲ್ಲ ನಾನು ಬಾಯಿ ಹಾಕುವುದಿಲ್ಲ. ಹೆಣ್ಣುಮಕ್ಕಳಿಗೊಂದು ಗಂಡುಮಕ್ಕಳಿಗೊಂದು ನಿಯಮ ತಪ್ಪು ಅನ್ನುವುದಂತೂ ಸರಿಯೇ. ನನ್ನ ಕೇಳಿದರೆ, ಇದಕ್ಕೆ ಹುಡುಗಿಗೆ ಸಡಿಲ ಮಾಡಿದರೆ ಸಾಲದು, ಹುಡುಗನಿಗೂ ಗಂಟೆ ಹೇಳಬೇಕು. ಆದರೆ ತೀರ್ಮಾನ ಪೂರ್ತಿ ಅವರಿಗೇ ಬಿಡಬೇಕೇ ಅಂದರೆ ಬೇಡ ಅನ್ನುತ್ತೇನೆ. ಗಾಡಿಯ ಕೀ, ರಾತ್ರಿಯ ಹೊತ್ತು, ದುಡ್ಡು ಹೋಗುವ ಆಟ, ಈ ಮೂರಕ್ಕೆ ನಮ್ಮ ಮನೆಯಲ್ಲಿ ಚರ್ಚೆ ಇಲ್ಲ. ಮಕ್ಕಳು ಸುಳ್ಳು ಹೇಳುತ್ತಾರೆ ಅಂತ ಇವನ್ನೂ ಬಿಡಲಾಗದು.

ದಸರಾ ರಜೆಯಲ್ಲಿ ಮಗನ ಗೆಳೆಯರು ಗ್ಯಾರೇಜಿಗೇ ಬಂದಿದ್ದರು. ಎರಡು ಗಾಡಿ, ಐದು ಜನ, ಬೇಲೂರಿಗೆ ಹೊರಟಿದ್ದರು. ನಾನು ಒಂದು ಸ್ಕೂಟರಿನ ಕೆಳಗೆ ಕೂತು ಆಯಿಲ್ ಇಳಿಸುತ್ತಿದ್ದೆ, ಅವರಿಗೆ ಕಾಣುತ್ತಿರಲಿಲ್ಲ. "ಬಾರೋ, ನೀನೇ ಓಡಿಸು, ನಿಮ್ಮಪ್ಪಂದೇ ಗ್ಯಾರೇಜು" ಅಂತ ಒತ್ತಾಯ ಮಾಡಿದರು. ಮಗ ಸ್ವಲ್ಪ ಹೊತ್ತು ಸುಮ್ನೆ ನಿಂತ. ಆಮೇಲೆ "ಇಲ್ಲ ಕಣ್ರೋ, ನಮ್ಮಪ್ಪ ಗೊತ್ತಲ್ಲ, ಸಾಯಿಸಿಬಿಡ್ತಾರೆ" ಅಂದ. ಯಾರೂ ಅವನನ್ನು ಪುಕ್ಕಲ ಅನ್ನಲಿಲ್ಲ. ಅಯ್ಯೋ ಪಾಪ ಅಂತ ಬೆನ್ನು ತಟ್ಟಿ ಹೊರಟುಹೋದರು. ನಾನು ಯಾವತ್ತೂ ಅವನ ಮೇಲೆ ಕೈ ಎತ್ತಿದವನಲ್ಲ, ಅದು ಅವನಿಗೂ ಗೊತ್ತು. ಗಾಡಿಗಳು ತಿರುವು ದಾಟಿದ ಮೇಲೆ ಅವನು ಒಳಗೆ ಬಂದು, ಒಂದು ಮಾತೂ ಆಡದೆ, ನನ್ನ ಪಕ್ಕದಲ್ಲಿ ಕೂತು ಸ್ಪ್ಯಾನರ್ ಕೈಗೆ ಕೊಟ್ಟ.