ವೈವಾ ಮುಗಿದ ಮೇಲೆ ಆ ಮೆಷಿನ್ ಯಾರದ್ದು?

ಕೊನೆ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ನಿಜವಾದ ಕ್ಲೈಂಟ್ ಇರಬೇಕು ಅಂತ ಈಗ ಸುಮಾರು ಕಾಲೇಜುಗಳು ಹೇಳುತ್ತಿವೆ. ಒಳ್ಳೆಯದೇ. ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತಂದು, ರಿಪೋರ್ಟ್ ಬೈಂಡ್ ಮಾಡಿಸಿ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಗಿಳಿಪಾಠ ಒಪ್ಪಿಸುವುದಕ್ಕಿಂತ ಎಷ್ಟೋ ಮೇಲು. ಆದರೆ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ, ಕಂಪನಿ ಗೇಟಿನ ಮುಂದೆ ಗ್ರೂಪ್ ಫೋಟೊ, ಕೊನೆಗೊಂದು ಸರ್ಟಿಫಿಕೇಟ್. ಇಷ್ಟಾದರೆ ಕ್ಲೈಂಟ್ ಸಿಕ್ಕ ಹಾಗಾ? ಮಾಡಿಕೊಟ್ಟದ್ದನ್ನು ದಿನಾ ಬಳಸಬೇಕಾದವರು, "ಇದು ನಮಗೆ ಆಗಲ್ಲ" ಅಂತ ಮುಖಕ್ಕೇ ಹೇಳುವವರು ನನ್ನ ಲೆಕ್ಕದಲ್ಲಿ ಕ್ಲೈಂಟ್.

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ವಿದ್ಯಾರ್ಥಿ ತಂಡಕ್ಕೆ ಕ್ಲಾಸ್ ಪ್ರಾಜೆಕ್ಟ್ ಸಿಕ್ಕಿತು. ನೇಪಾಳಕ್ಕೆ ಎಳೆಗೂಸುಗಳನ್ನು ಬೆಚ್ಚಗಿಡುವ ಕಡಿಮೆ ಬೆಲೆಯ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್ ಮಾಡಬೇಕು. ಭಾಗ ಕಡಿಮೆ ಮಾಡಿ, ಅಗ್ಗದ ಪೆಟ್ಟಿಗೆ ಕಟ್ಟಿ, ಎ ಗ್ರೇಡ್ ತಗೊಂಡು ಹೋಗಬಹುದಿತ್ತು. ಆದರೆ ತಂಡದ ಒಬ್ಬರು ಕಠ್ಮಂಡುವಿಗೆ ಹೋಗಿ ನೋಡಿದರು. ಆಸ್ಪತ್ರೆಯಲ್ಲಿ ದಾನವಾಗಿ ಬಂದ ಇನ್‌ಕ್ಯುಬೇಟರ್‌ಗಳು ಖಾಲಿ ಬಿದ್ದಿದ್ದವು. ದಿನ ತುಂಬದೆ ಹುಟ್ಟಿದ ಕೂಸುಗಳು ದೂರದ ಹಳ್ಳಿಗಳಲ್ಲಿದ್ದವು. ಅಲ್ಲಿಗೆ ಅವರ ಕ್ಲೈಂಟೇ ಬದಲಾಯಿತು. ಆಸ್ಪತ್ರೆಯ ಜಾಗಕ್ಕೆ ತಾಯಿ ಬಂದಳು. ತಯಾರಾದದ್ದು ಪೆಟ್ಟಿಗೆಯಲ್ಲ, ಪುಟ್ಟ ಮಲಗುವ ಚೀಲ. ಒಳಗೆ ಮೇಣದಂಥ ವಸ್ತುವಿನ ಒಂದು ಪೊಟ್ಟಣ. ಅದನ್ನು ಒಮ್ಮೆ ಬಿಸಿ ಮಾಡಿ ಕರಗಿಸಿದರೆ, ಮತ್ತೆ ಗಟ್ಟಿಯಾಗುತ್ತಾ 37 ಡಿಗ್ರಿ ಶಾಖವನ್ನು ನಾಲ್ಕು ಗಂಟೆಗೂ ಜಾಸ್ತಿ ಹೊತ್ತು ಕೊಡುತ್ತದೆ. ಹೆಸರು ಎಂಬ್ರೇಸ್.

ಕೋರ್ಸ್ ಮುಗಿದ ಮೇಲೂ ತಂಡದವರು ಇದನ್ನು ಬಿಡಲಿಲ್ಲ. ಜೇನ್ ಚೆನ್, ರಾಹುಲ್ ಪಣಿಕ್ಕರ್, ನಾಗಾನಂದ ಮೂರ್ತಿ, ಲೈನಸ್ ಲಿಯಾಂಗ್ ಸೇರಿ ಸಂಸ್ಥೆ ಕಟ್ಟಿ ಬೆಂಗಳೂರಿಗೆ ಬಂದರು. 2009ರಲ್ಲಿ ಜೇನ್ ಚೆನ್ ಇದರ ಬಗ್ಗೆ ಮಾತಾಡಿದ್ದು ನಮ್ಮ ಮೈಸೂರಿನ ಟೆಡ್ ಇಂಡಿಯಾ ಸಮ್ಮೇಳನದ ವೇದಿಕೆಯಲ್ಲಿ. ನಮ್ಮ ದೇಶದ ಹಳ್ಳಿಗಳಲ್ಲಿ ಚೀಲವನ್ನು ತೋರಿಸುವಾಗ ಒಬ್ಬ ತಾಯಿ ಹೇಳಿದರಂತೆ, ಇಂಗ್ಲಿಷ್ ಔಷಧಿ ತುಂಬಾ ಸ್ಟ್ರಾಂಗ್, ಶಾಖ 37 ಡಿಗ್ರಿಗೆ ಇಡಿ ಅಂದರೆ ನಾನು 30ಕ್ಕೇ ಇಡುತ್ತೇನೆ ಅಂತ. ಮಗು ಉಳಿಸಲು ಮಾಡಿದ್ದೇ ಮಗುವಿಗೆ ಅಪಾಯ! ತಂಡ ಅಂಕಿಗಳನ್ನೇ ತೆಗೆದು, ಸರಿ ಇದೆಯೋ ಇಲ್ಲವೋ ಅಂತಷ್ಟೇ ತೋರಿಸುವ ಗುರುತು ಹಾಕಿತು. ಈ ಪಾಠ ಕ್ಯಾಂಪಸ್‌ನಲ್ಲಿ ಕೂತು ಸಿಗುವಂಥದ್ದಲ್ಲ.

ನಮ್ಮ ಕಡೆ ನೋಡಿ. ಮಲೆನಾಡು, ಕರಾವಳಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅಡಿಕೆ ಮರ ಹತ್ತುವ ಯಂತ್ರ ಬ್ಯಾಚಿಗೊಮ್ಮೆ ಹೊಸದಾಗಿ ಹುಟ್ಟುತ್ತದೆ. ಡೆಮೊ ದಿನ ಒಣಗಿದ ಕಂಬವನ್ನು ಚೆನ್ನಾಗಿಯೇ ಹತ್ತುತ್ತದೆ. ಆದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆಗಾಲದಲ್ಲಿ, ಪಾಚಿ ಕಟ್ಟಿ ಜಾರುವ ಮರದ ತುದಿಗೆ ಹೋಗಿ. ಅಷ್ಟು ಹೊತ್ತಿಗೆ ವೈವಾ ಮುಗಿದಿರುತ್ತದೆ, ಹುಡುಗರು ಬೆಂಗಳೂರಿಗೆ ಕೆಲಸ ಹುಡುಕಿ ಹೊರಟಿರುತ್ತಾರೆ. ನಿಜವಾದ ಪರೀಕ್ಷೆ ಶುರುವಾಗುವ ದಿನ ಉತ್ತರ ಕೊಡಲು ಯಾರೂ ಇರುವುದಿಲ್ಲ. 2019ರಲ್ಲಿ ಸುದ್ದಿಯಾದ ಮರ ಹತ್ತುವ ಬೈಕ್ ಮಾಡಿದ್ದು ಬಂಟ್ವಾಳದ ಕೃಷಿಕ ಗಣಪತಿ ಭಟ್. ತೋಟವೂ ಅವರದ್ದೇ, ಹತ್ತುವುದೂ ಅವರೇ. ಆಶ್ಚರ್ಯವೇನಿಲ್ಲ ಅಲ್ವಾ?

ಇನ್ನು, ಕ್ಲೈಂಟ್ ಹೆಸರಲ್ಲಿ ಹುಡುಗರಿಂದ ಬಿಟ್ಟಿ ಲೋಗೊ, ಬಿಟ್ಟಿ ವೆಬ್‌ಸೈಟ್ ಮಾಡಿಸಿಕೊಳ್ಳುವವರೂ ಇದ್ದಾರೆ. ಕೈಯಲ್ಲಿ ದುಡ್ಡಿರುವ ಕಂಪನಿ ಕನಿಷ್ಠ ಸಾಮಾನಿನ ಖರ್ಚು ಕೊಡಲಿ. ಎಕ್ಸ್‌ಪೋಶರ್ ಸಿಗುತ್ತೆ ಅನ್ನೋ ಮಾತು ವರ್ಕ್‌ಶಾಪ್ ಬಿಲ್ ಕಟ್ಟುವುದಿಲ್ಲ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1995ರಲ್ಲೇ ಎಪಿಕ್ಸ್ ಅನ್ನೋ ಕಾರ್ಯಕ್ರಮ ಶುರುವಾಯಿತು. ಅಲ್ಲಿ ತಂಡ ಒಂದೇ ಸಂಸ್ಥೆಯ ಜೊತೆ ವರ್ಷಗಟ್ಟಲೆ ಇರುತ್ತದೆ. ಸೀನಿಯರ್ ಹೋದರೆ ಜೂನಿಯರ್ ಕೆಲಸ ಮುಂದುವರಿಸುತ್ತಾರೆ. ನಮ್ಮಲ್ಲೂ ದುಡ್ಡಿನ ವ್ಯವಸ್ಥೆ ಒಂದಿಷ್ಟು ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತಿದೆ. ಕಾಲೇಜುಗಳು ಮಾಡಬೇಕಾದ್ದು ಇಷ್ಟೇ: ಆರನೇ ಸೆಮಿಸ್ಟರ್‌ನವರನ್ನು ಈಗಲೇ ತಂಡಕ್ಕೆ ಸೇರಿಸಿ, ಮಳೆಗಾಲದಲ್ಲಿ ಅವರನ್ನು ಅದೇ ತೋಟಕ್ಕೆ ಕಳಿಸಿ. ಒಂದಿಷ್ಟು ಮಾರ್ಕ್ಸ್ ಹಾಕುವುದನ್ನು ಅಡಿಕೆ ಗೊನೆ ಕೊಯ್ಯುವವರಿಗೇ ಬಿಡಿ.