ಕಾಲೆಳೆಯುವವರ ಪರವಾಗಿ

ಕಾಲೆಳೆದು ನಡೆಯುವವರಿಗೆ ನಮ್ಮ ಮನೆಯಲ್ಲಿ ಎಂದೂ ಮರ್ಯಾದೆ ಇರಲಿಲ್ಲ. ಅಂಗಳದಲ್ಲಿ ಹವಾಯಿ ಚಪ್ಪಲಿ ಸರ್ ಸರ್ ಎಂದರೆ ಸಾಕು, ನಡುಮನೆಯಿಂದ ಅಜ್ಜಿಯ ದನಿ ಬರುತ್ತಿತ್ತು: “ಕಾಲೆತ್ತಿಟ್ಟು ನಡಿಯೋ, ಮನೆಗೆ ದರಿದ್ರ ಬರುತ್ತೆ.” ಕಾಲಿಗೂ ದರಿದ್ರಕ್ಕೂ ಎಲ್ಲಿಂದೆಲ್ಲಿಯ ನಂಟು ಎಂದು ಕೇಳಿದರೆ, ಹಿಮ್ಮಡಿಯ ಕಡೆ ತೂತು ಬೀಳುವಷ್ಟು ಸವೆದ ನನ್ನ ಚಪ್ಪಲಿಯನ್ನು ಅಪ್ಪ ಬೆಳಕಿಗೆ ಹಿಡಿದು, ಆ ನಂಟನ್ನು ರೂಪಾಯಿ ಪೈಸೆಗಳಲ್ಲಿ ಬಿಡಿಸಿ ಹೇಳುತ್ತಿದ್ದರು. ಶಾಲೆಗೆ ಹೋದರೆ ಡ್ರಿಲ್ ಮೇಷ್ಟ್ರ ಸರದಿ. ಮಂಡಿ ಸೊಂಟದ ಮಟ್ಟಕ್ಕೆ ಬಾರದ ಓಟ ಅವರ ಲೆಕ್ಕದಲ್ಲಿ ಓಟವೇ ಅಲ್ಲ, ಸೋಮಾರಿತನ.

ಇಷ್ಟು ಜನ ಸೇರಿ ತಿದ್ದಿದರೂ ನನ್ನ ನಡಿಗೆ ನೆಟ್ಟಗಾಗಲಿಲ್ಲ. ಮೆಲ್ಬರ್ನಿಗೆ ಬಂದು ನೆಲೆಸಿದ ಮೇಲೆ ತಿಳಿಯಿತು, ಈ ದೇಶದಲ್ಲಿ ಕಾಲೆಳೆದು ಓಡಿದವನೊಬ್ಬನಿಗೆ ಸ್ಮಾರಕವೇ ಇದೆ ಎಂದು. ವಿಕ್ಟೋರಿಯಾ ರಾಜ್ಯದ ಆಟ್‌ವೇ ಬೆಟ್ಟಸಾಲಿನಲ್ಲಿ ಬೀಚ್ ಫಾರೆಸ್ಟ್ ಎಂಬ ಸಣ್ಣ ಊರು. ಮಳೆಯೂ ಬೇಕಾದಷ್ಟು, ಆಲೂಗಡ್ಡೆಯೂ ಬೇಕಾದಷ್ಟು. ಅಲ್ಲಿ ಕುದುರೆಯೇರಿದ ಸೇನಾಪತಿಯಿಲ್ಲ, ಕತ್ತಿ ಹಿಡಿದ ಅರಸನಿಲ್ಲ. ನಿಂತಿರುವುದು ಗದ್ದೆ ಕೆಲಸಕ್ಕೆ ಹಾಕಿಕೊಳ್ಳುವ ಗಂಬೂಟಿನ ಆಕಾರದ ಸ್ಮಾರಕ. ಅದು ಆ ಊರಿನ ರೈತ ಕ್ಲಿಫ್ ಯಂಗ್ ನೆನಪಿಗೆ. ನಾನು ಮನಸ್ಸಿನಲ್ಲೇ ಕ್ಲಿಫಜ್ಜ ಎನ್ನುತ್ತೇನೆ. ಹೆಸರಿನಲ್ಲಿ ಯಂಗ್ ಇದ್ದರೂ ಆತ ಲೋಕದ ಕಣ್ಣಿಗೆ ಬಿದ್ದಾಗ ವಯಸ್ಸು 61.

1983ರಲ್ಲಿ ಸಿಡ್ನಿಯಿಂದ ಮೆಲ್ಬರ್ನಿಗೆ ಒಂದು ಓಟದ ಪಂದ್ಯ ಇಟ್ಟರು. 875 ಕಿಲೋಮೀಟರ್, ಬೆಂಗಳೂರಿನಲ್ಲಿ ಹೊರಟವರು ಪುಣೆ ದಾಟಿಬಿಡುವಷ್ಟು ದೂರ. ಪಂದ್ಯ ಇಟ್ಟವರು ಶಾಪಿಂಗ್ ಮಾಲ್‌ಗಳ ಕಂಪನಿಯವರು. ಆದ್ದರಿಂದ ಓಟ ಶುರುವಾದದ್ದು ಸಿಡ್ನಿಯ ಪ್ಯಾರಮ್ಯಾಟ ಮಾಲಿನಲ್ಲಿ, ಮುಗಿಯಬೇಕಾದದ್ದು ಮೆಲ್ಬರ್ನಿನ ಡಾಂಕಾಸ್ಟರ್ ಮಾಲಿನಲ್ಲಿ. ನಾನು ಈಗಲೂ ಡಾಂಕಾಸ್ಟರ್‌ಗೆ ಹೋಗಿ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಸುತ್ತು ಹೊಡೆಯುವಾಗ, ಈ ಜಾಗಕ್ಕೆ ಒಬ್ಬ ಅಜ್ಜ ಸಿಡ್ನಿಯಿಂದ ಓಡಿಕೊಂಡು ಬಂದಿದ್ದ ಎಂದುಕೊಳ್ಳುತ್ತೇನೆ. ಪಾರ್ಕಿಂಗ್ ತಾಪತ್ರಯವಾದರೂ ಇರಲಿಲ್ಲ.

ಸುತ್ತ ಇದ್ದವರು ಪಳಗಿದ ಓಟಗಾರರು, ಹೆಚ್ಚಿನವರು ಆತನಿಗಿಂತ ಎಷ್ಟೋ ಚಿಕ್ಕವರು. ಅವರ ನಡುವೆ ಈ ಹಲ್ಲಿಲ್ಲದ ಮನುಷ್ಯ. ಕಟ್ಟಿಸಿದ ಹಲ್ಲು ಇತ್ತು, ಆದರೆ ಓಡುವಾಗ ಗಲಗಲ ಅನ್ನುತ್ತದೆಂದು ತೆಗೆದಿಟ್ಟಿದ್ದ. ಓಟ ಶುರುವಾದಾಗ ಉಳಿದವರು ಮುಂದೆ ಸಾಗಿಹೋದರು, ಅಜ್ಜ ಹಿಂದೆ ಉಳಿದ. ಮಂಡಿ ಮೇಲೇಳುತ್ತಿರಲಿಲ್ಲ. ಪಾದ ನೆಲ ಬಿಟ್ಟೂ ಬಿಡದ ಹಾಗೆ, ಸಣ್ಣ ಸಣ್ಣ ಹೆಜ್ಜೆ, ತೋಳು ಸಡಿಲ. ನಮ್ಮ ಡ್ರಿಲ್ ಮೇಷ್ಟ್ರು ನೋಡಿದ್ದರೆ ಸೀಟಿ ಊದಿ ಹೊರಗೆ ನಿಲ್ಲಿಸುತ್ತಿದ್ದರು.

ಆಮೇಲಿನದನ್ನು ಆಮೆ ಮೊಲದ ಕತೆ ಎಂದು ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಆ ಕತೆಯ ಮೊಲ ಸೊಕ್ಕಿನಿಂದ ಮಲಗಿತು; ಈ ಓಟಗಾರರು ಶಾಸ್ತ್ರಪ್ರಕಾರ ಮಲಗಿದರು. ಹಗಲು ಓಡಬೇಕು, ರಾತ್ರಿ ಇಷ್ಟು ಗಂಟೆ ನಿದ್ದೆ ಮಾಡಬೇಕು, ಇಲ್ಲದಿದ್ದರೆ ದೇಹ ಕೈಕೊಡುತ್ತದೆ ಎಂಬ ಲೆಕ್ಕ ಅವರದು. ತಪ್ಪೇನಿಲ್ಲ. ಮೊದಲ ರಾತ್ರಿ ಅವರು ಮಲಗಿದ್ದಾಗ ಅಜ್ಜ ರಸ್ತೆಯಲ್ಲಿದ್ದ, ಬೆಳಗಾಗುವಷ್ಟರಲ್ಲಿ ಎಲ್ಲರಿಗಿಂತ ಮುಂದಿದ್ದ. ಅಷ್ಟೇ. ಮುಂದಿನ ರಾತ್ರಿಗಳಲ್ಲೂ ಅದೇ. 5 ದಿನ, 15 ಗಂಟೆ, 4 ನಿಮಿಷಕ್ಕೆ ಡಾಂಕಾಸ್ಟರ್ ತಲುಪಿದಾಗ ಹಳೆಯ ದಾಖಲೆಗಿಂತ ಸುಮಾರು ಎರಡು ದಿನ ಉಳಿಸಿದ್ದ.

ಭಾಗಿಸಿ ನೋಡಿದೆ. ಗಂಟೆಗೆ ಸರಾಸರಿ ಆರೂವರೆ ಕಿಲೋಮೀಟರ್ ಕೂಡ ಪೂರ್ತಿ ಬರುವುದಿಲ್ಲ. ಟ್ರಾಮ್ ತಪ್ಪಿಹೋಗುತ್ತದೆಂದು ನಾನು ಬಿರುಸಾಗಿ ಹೆಜ್ಜೆ ಹಾಕಿದರೂ ಹೆಚ್ಚುಕಡಿಮೆ ಅದೇ ವೇಗ. ಆಹಾ ಎಂದು ಹೆಮ್ಮೆಪಟ್ಟುಕೊಳ್ಳುವಷ್ಟರಲ್ಲಿ ವ್ಯತ್ಯಾಸ ನೆನಪಾಯಿತು: ನಾನು ಟ್ರಾಮ್ ಸ್ಟಾಪಿನಲ್ಲಿ ನಿಂತುಬಿಡುತ್ತೇನೆ.

ಬಹುಮಾನ 10,000 ಡಾಲರ್. ಬಹುಮಾನ ಇದೆಯೆಂದೇ ತನಗೆ ಗೊತ್ತಿರಲಿಲ್ಲ, ಉಳಿದವರೂ ನನ್ನಷ್ಟೇ ಕಷ್ಟಪಟ್ಟಿದ್ದಾರೆ ಎಂದು ಜೊತೆಗೆ ಓಡಿದವರಿಗೆ ಹಂಚಿಬಿಟ್ಟ. ಆಸ್ಟ್ರೇಲಿಯಾದವರು ಈತನನ್ನು ತಲೆ ಮೇಲೆ ಹೊತ್ತು ಮೆರೆಸಿದ್ದು ಗೆದ್ದದ್ದಕ್ಕಿಂತ ಇದಕ್ಕೇ ಎಂದು ನನ್ನ ಅನುಮಾನ. ಇಲ್ಲಿನವರಿಗೆ ಗೆದ್ದವರ ಮೇಲೆ ಅಂಥ ಮೋಹವೇನಿಲ್ಲ. ಗೆದ್ದು ಜಂಬ ಕೊಚ್ಚಿದವರನ್ನು ಕೆಳಗಿಳಿಸದೆ ಬಿಡುವುದಿಲ್ಲ. ಗೆದ್ದ ಮೇಲೂ ಸಂಕೋಚಪಡುವವನು ಸಿಕ್ಕಿದರೆ ಮಾತ್ರ ಕರಗಿಹೋಗುತ್ತಾರೆ.

ಈ ಕತೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ ಆಗಾಗ ಬರುತ್ತದೆ, ಹೂಗುಚ್ಛದ ಚಿತ್ರ, ಕೈಮುಗಿದ ಗುರುತುಗಳ ಸಮೇತ. ಅದರಲ್ಲಿ ಅಜ್ಜ ಏನೂ ಅರಿಯದ ಮುಗ್ಧ. ಓಟದ ಗಂಧಗಾಳಿ ಇಲ್ಲದವನು ಗದ್ದೆಯಿಂದ ಸೀದಾ ಬಂದು ಗೆದ್ದುಬಿಟ್ಟ. ಆದ್ದರಿಂದ ಮಕ್ಕಳೇ, ಮನಸ್ಸಿದ್ದರೆ ಮಾರ್ಗ. ಕಳಿಸುವವರು ನಮ್ಮ ದೊಡ್ಡಪ್ಪ, ಎದುರು ಹೇಳುವಂತಿಲ್ಲ. ಇಲ್ಲಿ ಹೇಳುತ್ತೇನೆ. ಅಜ್ಜ ಅಷ್ಟೇನೂ ಅರಿಯದವನಲ್ಲ. ಹಿಂದಿನ ವರ್ಷವೇ, 1982ರ ಕೊನೆಗೆ, ಹತ್ತಿರದ ಕೊಲ್ಯಾಕ್ ಊರಿನ ಚೌಕದಲ್ಲಿ 1000 ಮೈಲಿ ಓಟದ ವಿಶ್ವದಾಖಲೆ ಮುರಿಯಲು ಹೊರಟಿದ್ದ. ಅದಕ್ಕಾಗಿ ತಿಂಗಳುಗಟ್ಟಲೆ ಆಟ್‌ವೇ ಬೆಟ್ಟಗಳಲ್ಲಿ ಅಭ್ಯಾಸ ಮಾಡಿದ್ದ. 805 ಕಿಲೋಮೀಟರಿಗೆ ಕೈಬಿಡಬೇಕಾಯಿತು. ತಯಾರಿ ಸಾಲದಾಯಿತು ಎಂದು ಆಮೇಲೆ ತಾನೇ ಹೇಳಿಕೊಂಡ. ಅದಕ್ಕೂ ಹಿಂದೆ, ಎಳೆಯ ವಯಸ್ಸಿನಲ್ಲಿ, ಮನೆಯ ಸಾವಿರಾರು ಎಕರೆ ಜಮೀನಿನಲ್ಲಿ ಎರಡು ಸಾವಿರ ಕುರಿ, ಕುದುರೆ ಇಲ್ಲ. ಮಳೆ ಬರುವ ಸೂಚನೆ ಕಂಡರೆ ಕುರಿಗಳನ್ನು ಒಟ್ಟುಗೂಡಿಸಲು ಗಂಬೂಟು ಹಾಕಿಕೊಂಡು ಓಡುವುದು, ಕೆಲವೊಮ್ಮೆ ಎರಡು ಮೂರು ದಿನ. ಕುರಿಗೇನು, ರಾತ್ರಿ ಹಗಲಿನ ವೇಳಾಪಟ್ಟಿಯೇ? ಅದರ ಹಿಂದೆ ಮಂಡಿ ಎತ್ತಿ ಓಡಿದವನು ಮಧ್ಯಾಹ್ನಕ್ಕೇ ಕೂತುಬಿಡುತ್ತಾನೆ. ಕಾಲೆಳೆಯುವ ಆ ಓಟ ಸೋಮಾರಿತನದಿಂದ ಬಂದದ್ದಲ್ಲ, ದುಡಿಮೆ ಕಲಿಸಿದ್ದು. ಮುಂದೆ ದೂರದೋಟದವರು ಅದನ್ನು ‘ಯಂಗ್ ಶಫಲ್’ ಎಂದು ಕರೆದು, ಶಕ್ತಿ ಉಳಿಸಲು ಒಳ್ಳೆಯದೆಂದು ತಾವೂ ಅನುಸರಿಸಿದರು.

ದೊಡ್ಡಪ್ಪನ ಸಂದೇಶದಲ್ಲಿ ಕೊಲ್ಯಾಕ್ ಇಲ್ಲ, ಕುರಿಯೂ ಮೂರು ಪದಕ್ಕೆ ಮುಗಿಯುತ್ತದೆ. ಸ್ಫೂರ್ತಿಯ ಕತೆಗಳಲ್ಲಿ ನನಗೆ ಸಿಟ್ಟು ಬರುವುದು ಇಲ್ಲಿಯೇ; ಬೇಸರ ಹಿಡಿಸುವಷ್ಟು ದಿನ ಮಾಡಿದ ಕೆಲಸವನ್ನು ಕತ್ತರಿಸಿ ಎಸೆದು, ಕೊನೆಯ ಚಪ್ಪಾಳೆಯನ್ನಷ್ಟೇ ಇಟ್ಟುಕೊಳ್ಳುತ್ತಾರೆ.

ಕಾಲಿನ ಮಾತು ಸಾಕು, ಕೈಯದೂ ಒಂದಿದೆ. ನ್ಯೂ ಸೌತ್ ವೇಲ್ಸಿನ ಜೇಮ್ಸ್ ಹ್ಯಾರಿಸನ್ 14ನೇ ವಯಸ್ಸಿನಲ್ಲಿ ಎದೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಗುರುತಿಲ್ಲದವರು ಕೊಟ್ಟ ರಕ್ತದಿಂದ ಬದುಕಿದರು. 18 ತುಂಬಿದ ಕೂಡಲೇ, 1954ರಲ್ಲಿ, ತಾವೂ ಕೊಡಲು ಶುರುಮಾಡಿದರು. ಅವರ ರಕ್ತದಲ್ಲಿ ಅಪರೂಪದ ಪ್ರತಿಕಾಯ ಇರುವುದು ಆಮೇಲೆ ಪತ್ತೆಯಾಯಿತು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್, ಹೊಟ್ಟೆಯಲ್ಲಿರುವ ಕೂಸಿನದು ಪಾಸಿಟಿವ್ ಆದಾಗ ತಾಯಿಯ ದೇಹವೇ ಕೂಸಿನ ರಕ್ತದ ಮೇಲೆ ತಿರುಗಿಬೀಳುವ ಅಪಾಯವಿದೆಯಲ್ಲ, ಅದನ್ನು ತಡೆಯುವ ಆ್ಯಂಟಿ‑ಡಿ ಚುಚ್ಚುಮದ್ದಿಗೆ ಈ ಪ್ರತಿಕಾಯ ಬೇಕು. ಸರಿ, ಆ ಪ್ರತಿಕಾಯ ಇರುವ ಪ್ಲಾಸ್ಮಾ, ಎಂದರೆ ರಕ್ತದ ದ್ರವಭಾಗ, ಕೊಡಲು ಕೂತರು. ಅರವತ್ತಕ್ಕೂ ಹೆಚ್ಚು ವರ್ಷ, 1173 ಸಲ. 2018ರಲ್ಲಿ 81 ವಯಸ್ಸಾಯಿತೆಂದು ನಿಯಮ ನಿಲ್ಲಿಸಿತು, ಅವರಾಗಿ ನಿಲ್ಲಿಸಲಿಲ್ಲ. ಅವರಿಂದ ಉಳಿದ ಕೂಸುಗಳು 24 ಲಕ್ಷ ಎಂದು ಅಲ್ಲಿನ ರಕ್ತನಿಧಿಯವರ ಅಂದಾಜು. ತೀರಿಕೊಂಡದ್ದು 2025ರ ಫೆಬ್ರವರಿಯಲ್ಲಿ, 88ನೇ ವಯಸ್ಸಿನಲ್ಲಿ, ನಿದ್ದೆಯಲ್ಲಿ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಲಕ್ಷದ ಲೆಕ್ಕವಲ್ಲ. ಅಷ್ಟು ವರ್ಷದಲ್ಲಿ ಅವರು ಒಂದು ಸಲವೂ ಸೂಜಿ ಚುಚ್ಚುವುದನ್ನು ನೋಡಲಿಲ್ಲವಂತೆ, ಹೆದರಿಕೆ. ಸೂರು ನೋಡುತ್ತಲೋ ನರ್ಸಮ್ಮನ ಜೊತೆ ಹರಟುತ್ತಲೋ ಕೂರುತ್ತಿದ್ದರಂತೆ. ಭಯ ಗೆದ್ದವರ ಕತೆ ಸಾಕಷ್ಟು ಓದಿದ್ದೇವೆ. ಭಯವನ್ನು ಗೆಲ್ಲುವ ಗೋಜಿಗೇ ಹೋಗದೆ, ಅದರ ಪಾಡಿಗೆ ಅದನ್ನು ಬಿಟ್ಟು, ಮುಖ ತಿರುಗಿಸಿಕೊಂಡು ಕೈ ಚಾಚಿದ ಈ ಮನುಷ್ಯ ನನಗೆ ಹತ್ತಿರದವರೆನ್ನಿಸುತ್ತಾರೆ. ಇದೂ ಒಂದು ಬಗೆಯ ಕಾಲೆಳೆಯುವಿಕೆಯೇ ಇರಬೇಕು.

ಈ ಇಬ್ಬರ ಧೈರ್ಯದ ಮೇಲೆ ನಾನೂ ಶನಿವಾರ ಬೆಳಗ್ಗೆ ಎಂಟಕ್ಕೆ ನಮ್ಮ ಬಡಾವಣೆಯ ಪಾರ್ಕ್‌ರನ್‌ಗೆ ಹೋಗುತ್ತೇನೆ. ಐದು ಕಿಲೋಮೀಟರ್, ಪುಕ್ಕಟೆ, ನಡೆಸುವವರೆಲ್ಲ ಊರಿನ ಸ್ವಯಂಸೇವಕರು. ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ಇಲ್ಲಿಗೆ ಬಂದದ್ದು 2011ರಲ್ಲಿ, ಗೋಲ್ಡ್ ಕೋಸ್ಟಿನ ಮೇನ್ ಬೀಚಿಗೆ. ಈಗ ದೇಶದ ತುಂಬ ಇದೆ. ಅಲ್ಲಿ ಒಂದು ಏರ್ಪಾಡು ಕಂಡು ನಾನು ಮನಸೋತೆ. ಎಲ್ಲರ ಹಿಂದೆ ಒಬ್ಬರು ಬಣ್ಣದ ತೋಳಿಲ್ಲದ ಮೇಲಂಗಿ ತೊಟ್ಟು ನಡೆದುಬರುತ್ತಾರೆ, ಟೇಲ್ ವಾಕರ್ ಎಂದು. ಎಷ್ಟೇ ನಿಧಾನವಾದವರಿದ್ದರೂ ಈ ಟೇಲ್ ವಾಕರ್ ಅವರನ್ನು ದಾಟಿ ಮುಂದೆ ಹೋಗುವಂತಿಲ್ಲ. ಕೊನೆಯವರಾಗುವುದೇ ಟೇಲ್ ವಾಕರ್ ಕೆಲಸ. ಆದ್ದರಿಂದ ಬಂದವರಲ್ಲಿ ಬೇರೆ ಯಾರೂ ಕೊನೆಯವರಾಗುವುದಿಲ್ಲ. ನಮ್ಮ ಶಾಲೆಯ ಕ್ರೀಡಾದಿನದಲ್ಲಿ ಕೊನೆಗೆ ಬಂದವನಿಗೆ ಸಿಗುತ್ತಿದ್ದ ಚಪ್ಪಾಳೆ ಕೇಳಿದವರಿಗೆ ಇದರ ಬೆಲೆ ಗೊತ್ತು.

ಮೊನ್ನೆ ಆ ಪಾಳಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿಯದು. ಕೆರೆಯ ತಿರುವಿನಲ್ಲಿ ನನ್ನ ಶೂ ಸರ್ ಸರ್ ಎನ್ನುವುದು ಕೇಳಿಸಿ, ಪಕ್ಕಕ್ಕೆ ಬಂದು ನನ್ನ ಕಾಲನ್ನೇ ನೋಡಿದರು. ಈಗ ಬಂತು ದರಿದ್ರದ ಮಾತು ಎಂದುಕೊಂಡೆ. “ಕ್ಲಿಫಿ ಹೀಗೇ ಓಡುತ್ತಿದ್ದ” ಎಂದರು. ನನಗೆ ಕೊಂಬು ಮೂಡಿತು. ಸಿಡ್ನಿಗೆ ಹೊರಟೇಬಿಡೋಣವೇ ಎನ್ನುವಷ್ಟರಲ್ಲಿ ಅವರು ಗಡಿಯಾರ ನೋಡಿಕೊಂಡು, “ಆದರೂ ಸ್ವಲ್ಪ ಬೇಗ ಬೇಗ ಎಳಿ ಮಗಾ, ಕೆಫೆಯಲ್ಲಿ ಜಾಗ ಸಿಗೋದಿಲ್ಲ” ಎಂದರು.