ಗುಳೆ ಬಂದವರು ಕಟ್ಟಿದ ರಾಜಧಾನಿ

ಬ್ರೆಜಿಲಿನ ರಾಜಧಾನಿ ಬ್ರೆಸಿಲಿಯಾದ ಎರಡು ಮುಖ್ಯ ರಸ್ತೆಗಳು ಕೂಡುವಲ್ಲಿ ನಗರದ ದೊಡ್ಡ ಬಸ್ ನಿಲ್ದಾಣವಿದೆ. ಸಂಜೆ ಆರರ ಹೊತ್ತಿಗೆ ಅಲ್ಲಿ ಹೊರವಲಯದ ಸೆಯ್ಲಾಂಡಿಯಾ ಬಡಾವಣೆಯ ಬಸ್ಸಿಗೆ ಉದ್ದನೆಯ ಸಾಲು ಬೆಳೆಯುತ್ತದೆ. ಕಚೇರಿಗಳ ನೆಲ ಒರೆಸಿದವರು, ಅಡುಗೆಮನೆಗಳಲ್ಲಿ ದುಡಿದವರು, ಕಾವಲು ಕಾದವರು ಹೆಗಲಿಗೆ ಚೀಲ ಏರಿಸಿಕೊಂಡು ಕಾಯುತ್ತಿರುತ್ತಾರೆ. ಈ ಊರಿನಲ್ಲಿ ನೆಲೆಸಿರುವ ಕನ್ನಡಿಗನಾದ ನನಗೆ ಆ ಸಾಲನ್ನು ಕಂಡಾಗಲೆಲ್ಲ ನೆನಪಾಗುವುದು ನಮ್ಮ ‘ಗುಳೆ’ ಎಂಬ ಮಾತು.

ರಾಜಧಾನಿಯನ್ನು ಕರಾವಳಿಯಿಂದ ಒಳನಾಡಿನ ಪ್ರಸ್ಥಭೂಮಿಗೆ ಒಯ್ಯಬೇಕೆಂಬ ಸಂಕಲ್ಪ ಬ್ರೆಜಿಲಿನ 1891ರ ಸಂವಿಧಾನದಲ್ಲೇ ಇತ್ತು. ಅಧ್ಯಕ್ಷ ಜುಸೆಲಿನೊ ಕುಬಿಚೆಕ್ ಹೊಸ ನಗರವನ್ನು ನಾಲ್ಕು ವರ್ಷದೊಳಗೆ ಕಟ್ಟಿಸಿ, 1960ರ ಏಪ್ರಿಲ್ 21ರಂದು ಉದ್ಘಾಟಿಸಿದರು. ಹಿಂದಿನ ರಾಜಧಾನಿ ರಿಯೊ ಬಿಟ್ಟು ಬರಲು ಮನಸ್ಸಿಲ್ಲದ ಸರ್ಕಾರಿ ನೌಕರರಿಗೆ ಇಮ್ಮಡಿ ಸಂಬಳ ಕೊಟ್ಟು ಕರೆತಂದರು. ಆದರೆ ಬರಪೀಡಿತ ಈಶಾನ್ಯದಿಂದ ಬಂದು ಗಾರೆ ಕಲಸಿದವರಿಗೆ, ಇಲ್ಲಿಯವರು ‘ಕಂದಾಂಗೊ’ ಎಂದು ಕರೆಯುವ ಆ ಕೂಲಿಕಾರರಲ್ಲಿ ಹೆಚ್ಚಿನವರಿಗೆ, ತಾವು ಕಟ್ಟಿದ ನಗರದೊಳಗೆ ಜಾಗ ಸಿಗಲಿಲ್ಲ. ನಗರದ ಅಂಚಿನ ಗುಡಿಸಲುಗಳನ್ನು ಎತ್ತಿಸಿ, ಅಲ್ಲಿದ್ದ ಬಡವರನ್ನು 1971ರಲ್ಲಿ ದೂರದ ಬಯಲಿಗೆ ಸಾಗಿಸಿದ ಕಾರ್ಯಕ್ಕೆ ‘ಅತಿಕ್ರಮಣ ನಿರ್ಮೂಲನಾ ಅಭಿಯಾನ’ ಎಂಬ ಅರ್ಥದ ಹೆಸರಿತ್ತು. ಅದರ ಪೋರ್ಚುಗೀಸ್ ಮೊದಲಕ್ಷರಗಳಿಂದಲೇ ಸೆಯ್ಲಾಂಡಿಯಾ ಎಂಬ ಹೆಸರು ಹುಟ್ಟಿತು. ಬಸ್ಸಿನ ಹಣೆಯ ಮೇಲೆ ಅದನ್ನು ಓದುವಾಗ ಈಗಲೂ ನನ್ನ ಕರುಳು ಚುರುಕ್ ಎನ್ನುತ್ತದೆ.

1970ರ ಬರದ ನಂತರ ಸೈನಿಕ ಸರ್ಕಾರ ಅಮೆಜಾನ್ ಕಾಡನ್ನು ಸೀಳಿ ಹೆದ್ದಾರಿ ತೆಗೆದು, ಅದರ ಬದಿಯಲ್ಲಿ ಒಂದು ಲಕ್ಷ ಕುಟುಂಬಗಳನ್ನು ನೆಲೆಗೊಳಿಸಲು ಹೊರಟಿತು. ಹತ್ತರಲ್ಲಿ ಒಂದು ಪಾಲೂ ನೆಲೆಯೂರಲಿಲ್ಲ. ಉದ್ಯಮಗಳ ಕತೆ ಬೇರೆ. 1967ರಿಂದ ತೆರಿಗೆ ವಿನಾಯಿತಿ ಪಡೆದ, ಅಮೆಜಾನ್ ಕಾಡಿನ ನಡುವಿನ ಮನೌಸ್ ನಗರದಲ್ಲಿ ಮೋಟರ್‌ಸೈಕಲ್, ಟಿವಿ ತಯಾರಿಸುವ ಕಾರ್ಖಾನೆಗಳು ಬಂದವು, ಕೆಲಸವೂ ಹುಟ್ಟಿತು. ಆದರೆ ಆ ವಿನಾಯಿತಿಯನ್ನು ಮತ್ತೆ ಮತ್ತೆ ಮುಂದುವರಿಸಿ ಈಗ 2073ರವರೆಗೆ ಚಾಚಿದ್ದಾರೆ. ನೂರು ವರ್ಷವಾದರೂ ಊರುಗೋಲು ಬಿಡಲಾಗದ ಉದ್ಯಮವನ್ನು ಆ ನೆಲದ ಉದ್ಯಮವೆಂದು ಒಪ್ಪಲು ನನಗೆ ಕಷ್ಟ. ಇದಕ್ಕಿಂತ ಆಳಕ್ಕಿಳಿದದ್ದು 1973ರಲ್ಲಿ ಸ್ಥಾಪನೆಯಾದ ಎಂಬ್ರಾಪಾ ಸಂಶೋಧನಾ ಸಂಸ್ಥೆಯ ಕೆಲಸ. ಒಳನಾಡಿನ ಹುಳಿಮಣ್ಣಿಗೆ ಸುಣ್ಣ ಬೆರೆಸಿ, ಉಷ್ಣವಲಯಕ್ಕೆ ಒಗ್ಗುವ ಸೋಯಾ ತಳಿಗಳನ್ನು ಬೆಳೆಸಿ, ಬಂಜರೆನಿಸಿದ್ದ ಸೆರಾಡೊ ಹುಲ್ಲುಗಾಡನ್ನು ಕಣಜವಾಗಿಸಿದರು. ಅದಕ್ಕಾಗಿ ಸುಮಾರು ಅರ್ಧದಷ್ಟು ಮೂಲ ಸಸ್ಯಸಂಪತ್ತು ಹೋಯಿತೆಂಬುದನ್ನೂ ಮರೆಯುವಂತಿಲ್ಲ.

ಹಿಂದುಳಿದ ಒಳನಾಡನ್ನು ಮೇಲೆತ್ತುವುದರಲ್ಲಿ ನಮ್ಮ ಕಲ್ಯಾಣ ಕರ್ನಾಟಕದ್ದು ಇದಕ್ಕೆ ತಿರುಗುಮುರುಗಾದ ದಾರಿ. ಸಂವಿಧಾನದ 371(ಜೆ) ವಿಧಿ ಹೊರಗಿನವರನ್ನು ಕರೆತರುವ ಬದಲು ಅಲ್ಲಿಯವರಿಗೇ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಟ್ಟು, ಪ್ರತ್ಯೇಕ ಅಭಿವೃದ್ಧಿ ಮಂಡಳಿಗೆ ಅವಕಾಶ ಮಾಡಿತು. ಇದೇ ಹೆಚ್ಚು ನ್ಯಾಯದ ದಾರಿ ಎಂಬುದು ನನ್ನ ದೃಢವಾದ ಅನಿಸಿಕೆ. ಹಾಗಿದ್ದೂ ಅಲ್ಲಿಂದ ಬೆಂಗಳೂರಿಗೆ ಗುಳೆ ಹೋಗುವುದು ನಿಂತಿಲ್ಲ, ಏಕೆಂದರೆ ಮೀಸಲಾದ ನೌಕರಿ ಓದಿದವರಿಗೆ ಸಿಗುತ್ತದೆ, ಮಳೆ ನಂಬಿದ ಒಕ್ಕಲಿಗೆ ದುಡಿಮೆ ಊರಲ್ಲೇ ಹುಟ್ಟಬೇಕು. ರಾಯಚೂರಿಗೋ ಯಾದಗಿರಿಗೋ ಕಾರ್ಖಾನೆಯೊಂದನ್ನು ಕರೆಯುವಾಗ ಜಮೀನು, ನೀರು, ರಿಯಾಯಿತಿಗಳ ಜೊತೆಗೆ, ಅದನ್ನು ಕಟ್ಟುವ ಗಾರೆಯವನ ಮನೆ ಎಲ್ಲಿ, ಅವನ ಮಗಳು ಕಲಿಯುವ ಶಾಲೆ ಯಾವುದು ಎಂಬುದನ್ನೂ ಅದೇ ಕರಾರಿನಲ್ಲಿ ಬರೆಯಬೇಕೆಂದು ನಾನು ಕೇಳಿಕೊಳ್ಳುತ್ತೇನೆ.